ಹೆಸರಿನಲ್ಲೇನಿದೆ ಎನ್ನುವವರಿಗೆ

ಸಾಫ್ಟ್‌ವೇರ್ ಬರೆಯುವವರು ‘ಗಿಟ್’ನಲ್ಲಿ ತಮ್ಮ ಬರಹದ ಮುಖ್ಯ ಶಾಖೆಯನ್ನು ‘ಮಾಸ್ಟರ್’ ಎನ್ನುವುದು ವಾಡಿಕೆಯಾಗಿತ್ತು. ಯಜಮಾನ-ಗುಲಾಮರ ನೆನಪು ಬೇಡವೆಂದು ಗಿಟ್‌ಹಬ್ ಸಂಸ್ಥೆ 2020ರ ಅಕ್ಟೋಬರಿನಿಂದ ಹೊಸ ಕೆಲಸಗಳಿಗೆ ‘ಮೇನ್’ ಎಂಬ ಹೆಸರಿಟ್ಟಿತು.

“ಮಾಸ್ಟರ್ ಎಂದರೆ ನಮಗೆ ಮೇಷ್ಟ್ರಲ್ಲವೇ ಸಾರ್, ಹೆಸರಿನಲ್ಲೇನಿದೆ?” ಎಂದು ನನ್ನ ಹಳೆಯ ಶಿಷ್ಯನೊಬ್ಬ ನಕ್ಕ. ಮೇಷ್ಟ್ರಾದ ನನಗೆ ಆ ಮಾತು ನೋಯದು, ನಿಜ. ಆದರೆ ನೋಯುತ್ತದೆಯೇ ಎಂದು ಕೇಳಬೇಕಾದದ್ದು ನನ್ನನ್ನೇ?

1956ರಲ್ಲಿ ಕನ್ನಡನಾಡು ಒಂದಾದಾಗ ರಾಜ್ಯಕ್ಕೆ ‘ಮೈಸೂರು’ ಎಂಬ ಹೆಸರೇ ಉಳಿಯಿತು. ಇಲ್ಲಿನ ನಮ್ಮ ಹಿರಿಯರಿಗೆ ಅದು ಸಹಜವೆನಿಸಿತು. ಧಾರವಾಡ, ಕಲಬುರಗಿಗಳ ಅನೇಕರಿಗೆ ಚುಚ್ಚಿತು. 1973ರ ನವೆಂಬರ್ 1ರಂದು ಅದು ‘ಕರ್ನಾಟಕ’ವಾಯಿತು. ನಾವು ಕಳೆದುಕೊಂಡುದೇನು? ಚಾಮುಂಡಿಬೆಟ್ಟ ಒಂದಂಗುಲವೂ ಕುಗ್ಗಲಿಲ್ಲ.

ಹೆಸರಿನಲ್ಲಿ ಏನೂ ಇಲ್ಲವಾದರೆ ಬಿಟ್ಟುಕೊಡಲು ಇಷ್ಟು ಸಂಕಟವೇಕೆ, ಸ್ವಾಮಿ?