ಯಹೂದಿ ಎಂಬುದು ಬೈಗುಳವಲ್ಲ

ಶ್ರೀನಿವಾಸಪುರ ತಾಲೂಕಿನ ಯಲ್ದೂರಿನಲ್ಲಿ ಯಹೂದಿಯರ ಮನೆಗಳಿಲ್ಲ. ಅಲ್ಲಿನವರಲ್ಲಿ ಬಹುಪಾಲು ಮಂದಿ ತಮ್ಮ ಜೀವಮಾನದಲ್ಲಿ ಒಬ್ಬ ಯಹೂದಿಯನ್ನೂ ಕಂಡಿರಲಾರರು. ಆದರೂ ಅಂತಹ ಊರುಗಳಲ್ಲೂ ಆ ಪದ ನಮ್ಮವರ ನಾಲಗೆಯ ಮೇಲಿದೆ. ಸಾಲ ವಸೂಲಿಗೆ ಪಟ್ಟು ಹಿಡಿದವನು ‘ಯಹೂದಿ’, ಕೈ ಬಿಗಿಹಿಡಿದವನು ‘ಯಹೂದಿ’, ಮಸೀದಿ ಕಮಿಟಿಯ ಜಗಳದಲ್ಲಿ ಎದುರು ಗುಂಪಿನ ನಡೆಯೂ ‘ಯಹೂದಿ ಪಿತೂರಿ’! ಕಂಡೇ ಇರದ ಜನರ ಕುರಿತು ಇಷ್ಟೊಂದು ಖಚಿತವಾದ ಅಭಿಪ್ರಾಯ ನಮಗೆ ಬಂದುದಾದರೂ ಎಲ್ಲಿಂದ?

ಅದು ಕುರ್‌ಆನಿನಿಂದ ಬಂದುದಲ್ಲ. ಕುರ್‌ಆನ್ ಬನೂ ಇಸ್ರಾಈಲರಲ್ಲಿ ಕೆಲವರ ನಡತೆಯನ್ನು ಕಟುವಾಗಿ ಟೀಕಿಸಿದೆ, ನಿಜ. ಆದರೆ ಗ್ರಂಥದವರೆಲ್ಲರೂ ಒಂದೇ ಸಮನಲ್ಲ ಎಂದೂ ಅದೇ ಕುರ್‌ಆನ್ (3:113) ಸ್ಪಷ್ಟಪಡಿಸಿದೆ. ಟೀಕೆಗಳನ್ನು ಕಂಠಪಾಠ ಮಾಡಿ ಈ ವಚನವನ್ನು ದಾಟಿ ಹೋಗುವುದು ವಿದ್ವತ್ತಲ್ಲ. ಯಹೂದಿಯೆಂದರೆ ಹಣದಾಸೆಯ, ಜಗತ್ತನ್ನೇ ತೆರೆಮರೆಯಲ್ಲಿ ಕುಣಿಸುವ ಪಿತೂರಿಗಾರ ಎಂಬ ಚಿತ್ರ ಸಿದ್ಧವಾದುದು ಯುರೋಪಿನಲ್ಲಿ.

ಏಸುವಿನ ವಧೆಯ ಹೊಣೆಯನ್ನು ಇಡೀ ಯಹೂದಿ ಕುಲದ ಮೇಲೆ ಹೊರಿಸಿದ ಚರ್ಚು ಆ ನಿಲುವನ್ನು ಔಪಚಾರಿಕವಾಗಿ ತಳ್ಳಿಹಾಕಿದ್ದು 1965ರಲ್ಲಿ. ಮಧ್ಯಯುಗದ ಯುರೋಪಿನ ಬಹುತೇಕ ಕಡೆ ಯಹೂದಿಗೆ ಭೂಮಿ ಹೊಂದುವಂತಿರಲಿಲ್ಲ, ಕುಶಲಕರ್ಮಿಗಳ ಸಂಘಗಳಲ್ಲಿ ಪ್ರವೇಶವಿರಲಿಲ್ಲ. ಉಳಿದ ದಾರಿಗಳಲ್ಲಿ ಲೇವಾದೇವಿ ಒಂದು. ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿದವರೇ ಬಳಿಕ ಅವನನ್ನು ಬಡ್ಡಿಕೋರನೆಂದು ಜರೆದರು. 1348ರಲ್ಲಿ ಪ್ಲೇಗ್ ಹಬ್ಬಿದಾಗ ಯಹೂದಿಯರು ಬಾವಿಗಳಿಗೆ ವಿಷ ಹಾಕಿದರೆಂಬ ಸುದ್ದಿ ಪ್ಲೇಗಿಗಿಂತ ಮುಂಚೆಯೇ ಊರೂರು ತಲುಪಿತು. ಸ್ಟ್ರಾಸ್‌ಬರ್ಗ್ ನಗರದಲ್ಲಿ 1349ರ ಫೆಬ್ರವರಿ 14ರಂದು ನೂರಾರು ಯಹೂದಿಯರನ್ನು ಜೀವಂತ ಸುಟ್ಟಾಗ ಪ್ಲೇಗ್ ಆ ನಗರಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ.

ಇದನ್ನು ಓದುವಾಗ 2020ರ ಮಾರ್ಚ್ ತಿಂಗಳು ನೆನಪಾಗದೆ ಇರದು. ನಿಝಾಮುದ್ದೀನ್ ಮರ್ಕಝ್‌ನ ಹೆಸರಿನಲ್ಲಿ ಒಂದು ಸಮುದಾಯವನ್ನೇ ರೋಗ ಹರಡುವ ಪಡೆಯೆಂದು ಟಿ.ವಿ.ಗಳು ಬಣ್ಣಿಸಿದವು. ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿತು. ಅಷ್ಟರಲ್ಲಿ ಆಗಬೇಕಾದುದೆಲ್ಲ ಆಗಿತ್ತು. 2022ರ ಏಪ್ರಿಲ್‌ನಲ್ಲಿ, ಹಣ್ಣಿನ ವ್ಯಾಪಾರವನ್ನು ಮುಸ್ಲಿಮರು ಕಬಳಿಸಿದ್ದಾರೆ, ಅವರಿಂದ ಕೊಳ್ಳಬೇಡಿ ಎಂಬ ಕರೆ ನಮ್ಮ ರಾಜ್ಯದಲ್ಲಿ ಕೇಳಿಬಂತು. ತೋಪು ಒಬ್ಬರದು, ಫಸಲಿನ ಗುತ್ತಿಗೆ ಇನ್ನೊಬ್ಬರದು, ಮಂಡಿ ಮತ್ತೊಬ್ಬರದು ಎಂಬಂತೆ ಬದುಕುವ ಶ್ರೀನಿವಾಸಪುರದ ಮಾವಿನ ಸೀಮೆಗೆ ಆ ಕರೆಯ ಅರ್ಥವನ್ನು ವಿವರಿಸಬೇಕಿಲ್ಲ. 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ಯಹೂದಿ ಅಂಗಡಿಗಳ ಮುಂದೆ ನಾಝಿ ಪಡೆಗಳು ನಿಂತಾಗಲೂ ವಾದ ಇದೇ ಆಗಿತ್ತು. ಆ ಬಹಿಷ್ಕಾರ ಮುಂದೆ 60 ಲಕ್ಷ ಯಹೂದಿಯರ ಕಗ್ಗೊಲೆಯಲ್ಲಿ ಕೊನೆಗೊಂಡಿತು.

ಆ ಕಾಲದ ಒಂದು ಎಳೆ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದು ಸೇರಿದೆ. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ನರ ಆಹ್ವಾನದ ಮೇಲೆ 1935-36ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಆರು ತಿಂಗಳು ಕಳೆದರು. ರಾಮನ್ ಅವರಿಗೆ ಕಾಯಂ ಹುದ್ದೆ ಕೊಡಿಸಲು ಬಯಸಿದಾಗ, ಸ್ವದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರಕೀಯ ನಮಗೆ ಸಾಲದು ಎಂದು ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಸಭೆಯಲ್ಲೇ ಆಡಿದ. ಬಾರ್ನ್ ಹಿಂದಿರುಗಿದರು, 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. ನಾಝಿಗಳು ಅವರ ಕೆಲಸವನ್ನೂ ಕಿತ್ತುಕೊಂಡಿದ್ದರು. ಈಜಿಪ್ಟಿನಲ್ಲಿ ಕೆಲಕಾಲ ಇದ್ದು, 1939ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆಗಿನ ದಿವಾನರು ಯಾರು? ಸರ್ ಮಿರ್ಝಾ ಇಸ್ಮಾಈಲ್. ಹಿಂದೂ ಮಹಾರಾಜರ ಆಳ್ವಿಕೆ, ಮುಸ್ಲಿಮ್ ದಿವಾನ, ಯಹೂದಿ ನಿರಾಶ್ರಿತ. ಬೆಂಗಳೂರಿನ ಕೃಷ್ಣರಾವ್ ಪಾರ್ಕಿನ ಮಂಟಪವೂ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳೂ ಆತನ ಕೈಯವು. ಮಿರ್ಝಾ ಸಾಹೇಬರ ಹೆಸರನ್ನು ಅಭಿಮಾನದಿಂದ ಉಚ್ಚರಿಸುವ ನಮ್ಮ ವೇದಿಕೆಗಳಲ್ಲಿ ಈ ಸಂಗತಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಯಹೂದಿ ದ್ವೇಷ ಯುರೋಪಿನ ಪಾಪ, ನಮಗೇನು ಸಂಬಂಧ ಎಂದು ಕೇಳುವವರಿದ್ದಾರೆ. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಯರಿಗೆ ಉಸ್ಮಾನೀ ಸುಲ್ತಾನ ಎರಡನೇ ಬಾಯಝೀದ್ ಆಶ್ರಯ ಕೊಟ್ಟುದನ್ನು ಅವರು ನೆನಪಿಸುತ್ತಾರೆ. ಸರಿಯೇ. ಆದರೆ 1941ರ ಜೂನ್ 1 ಮತ್ತು 2ರಂದು ಬಗ್ದಾದಿನಲ್ಲಿ ನೂರಕ್ಕೂ ಹೆಚ್ಚು ಯಹೂದಿಯರನ್ನು ಕೊಂದವರು ಯುರೋಪಿಯನ್ನರಾಗಿರಲಿಲ್ಲ. ನೆರೆಯ ಯಹೂದಿಯರನ್ನು ಮನೆಯೊಳಗೆ ಅಡಗಿಸಿಟ್ಟು ಕಾಪಾಡಿದ ಮುಸ್ಲಿಮರೂ ಅದೇ ನಗರದಲ್ಲಿದ್ದರು. 1903ರಲ್ಲಿ ರಷ್ಯಾದಲ್ಲಿ ಪ್ರಕಟಗೊಂಡ ‘ಝಿಯೋನ್ ಹಿರಿಯರ ಗೊತ್ತುವಳಿಗಳು’ ಎಂಬ ಹೊತ್ತಗೆ ಶುದ್ಧ ಖೋಟಾ. ಮೂರನೇ ನೆಪೋಲಿಯನ್ನನ ವಿರುದ್ಧ 1864ರಲ್ಲಿ ಬರೆದ ಒಂದು ವಿಡಂಬನೆಯಿಂದ ಅದನ್ನು ಕದಿಯಲಾಗಿದೆಯೆಂದು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಬಯಲಿಗೆಳೆದಿದೆ. ಅದು ಉರ್ದುವಿಗೂ ಅರಬಿಗೂ ಇಳಿಯಿತು. ಈಗ ಅದರ ಚೂರುಗಳು ವಾಟ್ಸಾಪಿನಲ್ಲಿ ಯಲ್ದೂರಿಗೂ ಬರುತ್ತವೆ. ಹದೀಸ್‌ನ ವರದಿಗಾರರ ಸರಪಣಿಯಲ್ಲಿ ಒಂದೊಂದು ಹೆಸರನ್ನೂ ಪರಿಶೀಲಿಸುವ ಪರಂಪರೆಯ ವಾರಸುದಾರರು ನಾವು. ಇಲ್ಲಿ ಮಾತ್ರ ಪರಿಶೀಲನೆಯೇಕಿಲ್ಲ?

ಫೆಲೆಸ್ತೀನಿನ ಪ್ರಶ್ನೆಯಲ್ಲಿ ನಮ್ಮ ನಿಲುವಿನಲ್ಲಿ ಗೊಂದಲವಿಲ್ಲ. ಭೂಮಿಯ ಅಪಹರಣ, ಗಾಝಾದಲ್ಲಿ 2023ರ ಅಕ್ಟೋಬರ್ ಬಳಿಕ ಕೊಲ್ಲಲ್ಪಟ್ಟ ಸಾವಿರಾರು ಮಕ್ಕಳ ರಕ್ತ, ಇವುಗಳಿಗೆ ಇಸ್ರೇಲಿನ ಸರಕಾರ, ಅದರ ಸೇನೆ ಹಾಗೂ ಅದಕ್ಕೆ ಶಸ್ತ್ರ ಒದಗಿಸಿದವರು ಉತ್ತರಿಸಬೇಕು. ಅದೇ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ನಾಗರಿಕರನ್ನು ಕೊಂದುದನ್ನೂ ನಾವು ಸಮರ್ಥಿಸಲಾರೆವು. ಯುದ್ಧ ನಿಲ್ಲಿಸಿ ಎನ್ನುತ್ತ ಅದೇ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕುಳಿತು ಬಂಧನಕ್ಕೊಳಗಾದ ನೂರಾರು ಮಂದಿಯಲ್ಲಿ ಹೆಚ್ಚಿನವರು ಯಹೂದಿಯರು. ಅವರನ್ನೂ ‘ಯಹೂದಿ’ ಎಂದು ಬೈಯುವುದೇ?

ಒಂದು ಜನಾಂಗದ ಮೇಲಿನ ಹಗೆಯೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಕುರ್‌ಆನಿನ (5:8) ಆದೇಶ. ಯಹೂದಿಯೊಬ್ಬನ ಶವಯಾತ್ರೆ ಸಾಗಿದಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯ ಶವವಲ್ಲವೇ ಎಂದವರಿಗೆ, ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನಿಸಿದರೆಂದು ಬುಖಾರಿಯಲ್ಲಿದೆ. 2008ರ ನವೆಂಬರ್‌ನಲ್ಲಿ ಮುಂಬಯಿಯ ನರಿಮನ್ ಹೌಸ್‌ನಲ್ಲಿ ಯಹೂದಿ ಧರ್ಮಗುರುವನ್ನೂ ಅವರ ಪತ್ನಿಯನ್ನೂ ಕೊಂದ ಭಯೋತ್ಪಾದಕರ ಶವಗಳಿಗೆ ತಮ್ಮ ಕಬರಸ್ತಾನದಲ್ಲಿ ಜಾಗವಿಲ್ಲವೆಂದ ಅಲ್ಲಿನ ಮುಸ್ಲಿಮರು ಇದೇ ಸಾಲಿಗೆ ಸೇರಿದವರು.

ನಮ್ಮ ಖತೀಬರಲ್ಲಿ ಒಂದು ವಿನಂತಿ. ಜುಮಾ ಖುತ್ಬಾದಲ್ಲಿ, ದುಆದಲ್ಲಿ ಇಸ್ರೇಲ್ ಸರಕಾರ ಎನ್ನಬೇಕಾದಲ್ಲಿ ಇಸ್ರೇಲ್ ಸರಕಾರ ಎಂದೇ ಹೇಳಿ. ಮದ್ರಸಾದ ಮಕ್ಕಳಿಗೆ ಬಾಯಝೀದನ ಕತೆ ಹೇಳುವ ದಿನ ಬಗ್ದಾದಿನ ಆ ಎರಡು ದಿನಗಳನ್ನೂ ಹೇಳಿ. ಮಸೀದಿಯ ಪುಸ್ತಕದ ಕಪಾಟಿನಲ್ಲಿ ಆ ಖೋಟಾ ಹೊತ್ತಗೆಯ ಯಾವುದಾದರೂ ರೂಪ ಇದ್ದರೆ ಮುಂದಿನ ಶುಕ್ರವಾರದೊಳಗೆ ಅದನ್ನು ತೆಗೆದುಹಾಕಿ.