ಒಂದೇ ರೂಪ, ಹಲವು ಸ್ವಭಾವ

ಬಿಟ್ಟು ಬಿಟ್ಟು ಬರುವ ಜ್ವರ, ಬಿಳಿಚಿಕೊಂಡ ಮುಖ, ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು. ರಕ್ತ ಪರೀಕ್ಷೆಯ ಬಳಿಕ ವೈದ್ಯರು ಹೇಳುವ ಹೆಸರು ಕೇಳಿ ಹೆತ್ತವರ ಎದೆ ನಡುಗುತ್ತದೆ: ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆದು, ಆರೋಗ್ಯವಂತ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ.

ಇಲ್ಲೊಂದು ಒಗಟಿದೆ. ಕಾಯಿಲೆಯ ಹೆಸರು ಒಂದೇ, ಔಷಧವೂ ಒಂದೇ. ಆದರೂ ಒಂದು ಮಗು ಪೂರ್ಣ ಗುಣವಾಗುತ್ತದೆ. ಇನ್ನೊಂದಕ್ಕೆ ಕಾಯಿಲೆ ಮರುಕಳಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಬ್ಬರ ಕಣಗಳೂ ಒಂದೇ ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳಂತೆ ಕಾಣುತ್ತವೆ. ಹಾಗಾದರೆ ವ್ಯತ್ಯಾಸವೆಲ್ಲಿ?

ಜೀನ್‌ಗಳ ಚಟುವಟಿಕೆಯಲ್ಲಿ. ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳು ನಮ್ಮಲ್ಲಿವೆ. ಎಲ್ಲವೂ ಎಲ್ಲ ಜೀವಕೋಶಗಳಲ್ಲೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಜೀನ್ ತನ್ನ ಆದೇಶವನ್ನು ಆರ್.ಎನ್.ಎ. ರೂಪದಲ್ಲಿ ನಕಲು ಮಾಡಿ ಕಳುಹಿಸುತ್ತದೆ. ಈ ನಕಲುಗಳನ್ನು ಅಳೆದರೆ ಯಾವ ಜೀನ್ ಎಷ್ಟು ಚುರುಕಾಗಿದೆಯೆಂದು ತಿಳಿಯುತ್ತದೆ. ಇದೇ ಜೀನ್ ಅಭಿವ್ಯಕ್ತಿ.

1999ರಲ್ಲಿ ಅಮೆರಿಕದ ಟಾಡ್ ಗೊಲಬ್ ಮತ್ತು ಸಂಗಡಿಗರು 6,817 ಜೀನ್‌ಗಳನ್ನು ಹೀಗೆ ಅಳೆದು, 50ನ್ನು ಆರಿಸಿಕೊಂಡು, ಲ್ಯುಕೇಮಿಯಾದ ಎರಡು ಮುಖ್ಯ ಬಗೆಗಳಾದ ಲಿಂಫೋಬ್ಲಾಸ್ಟಿಕ್ ಮತ್ತು ಮೈಲಾಯ್ಡ್‌ಗಳನ್ನು ಬೇರ್ಪಡಿಸಿದರು. 34 ಹೊಸ ಮಾದರಿಗಳಲ್ಲಿ 29ಕ್ಕೆ ಖಚಿತ ಉತ್ತರ ದೊರೆಯಿತು. 29ಕ್ಕೆ 29ನ್ನೂ ಸರಿಯಾಗಿ ಗುರುತಿಸಿದ್ದಾಯಿತು. 2002ರಲ್ಲಿ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ತಂಡ, ಲಿಂಫೋಬ್ಲಾಸ್ಟಿಕ್ ಬಗೆಯೊಳಗಿನ ಉಪವಿಧಗಳಿಗೂ ತಮ್ಮದೇ ಆದ ಜೀನ್ ಗುರುತುಗಳಿವೆಯೆಂದು ತೋರಿಸಿತು.

2009ರಲ್ಲಿ ಇನ್ನೊಂದು ಉಪವಿಧ ಬೆಳಕಿಗೆ ಬಂತು. 9 ಮತ್ತು 22ನೇ ಕ್ರೋಮೊಸೋಮ್‌ಗಳ ತುಂಡುಗಳು ಅದಲುಬದಲಾದಾಗ ಉಂಟಾಗುವ ‘ಫಿಲಡೆಲ್ಫಿಯಾ ಕ್ರೋಮೊಸೋಮ್’ ಅಪಾಯದ ಗುರುತೆಂದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಆದರೆ ಕೆಲವು ಮಕ್ಕಳಲ್ಲಿ ಈ ಕ್ರೋಮೊಸೋಮ್ ಇರಲಿಲ್ಲ. ಜೀನ್‌ಗಳ ವರ್ತನೆ ಮಾತ್ರ ಅದಿದ್ದಂತೆಯೇ ಇತ್ತು. ಕಾಯಿಲೆ ಮರುಕಳಿಸುವ ಭಯವೂ ಇವರಿಗೆ ಹೆಚ್ಚು. ಇಂಥವರಲ್ಲಿ ಕೆಲವರಿಗೆ ಇಮಾಟಿನಿಬ್, ಡಾಸಾಟಿನಿಬ್‌ನಂಥ ಗುರಿಯಿಟ್ಟು ಹೊಡೆಯುವ ಮಾತ್ರೆಗಳು ನೆರವಾಗಬಲ್ಲವು.

ಉಪವಿಧ ತಿಳಿದರೆ ಲಾಭ ಎರಡು ಬಗೆ. ಅಪಾಯ ಹೆಚ್ಚಿರುವ ಮಗುವಿಗೆ ಆರಂಭದಿಂದಲೇ ಬಲವಾದ ಚಿಕಿತ್ಸೆ ನೀಡಬಹುದು. ಅಪಾಯ ಕಡಿಮೆ ಇರುವ ಮಗುವಿಗೆ ಅನಗತ್ಯವಾದ ಕಟು ಔಷಧಗಳ ಹೊರೆ ತಪ್ಪಿಸಬಹುದು.

ಜೀನ್ ಎಂದೊಡನೆ ‘ನಮ್ಮಿಂದಲೇ ಬಂತೇ?’ ಎಂದು ತಂದೆತಾಯಿ ಕೊರಗುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಇದು ವಂಶಪಾರಂಪರ್ಯವಾಗಿ ಬಂದದ್ದಲ್ಲ. ರಕ್ತಕಣ ರೂಪುಗೊಳ್ಳುವಾಗ ಜೀನ್‌ಗಳಲ್ಲಿ ಆದ ವ್ಯತ್ಯಾಸ. ಇದು ಅಂಟುರೋಗವೂ ಅಲ್ಲ. ಚಿಕಿತ್ಸೆಯಿಂದ ಕೂದಲು ಉದುರಿ, ತಲೆಗೆ ಟೋಪಿ ಹಾಕಿಕೊಂಡು ತರಗತಿಗೆ ಮರಳುವ ಗೆಳೆಯನ ಪಕ್ಕದಲ್ಲಿ ಕೂರಲು ಯಾರೂ ಅಂಜಬೇಕಿಲ್ಲ.