ಎರಡಾಣೆಯ ಪಾಠ

ನಮ್ಮ ಕೊಳ್ಳೇಗಾಲ ಸೀಮೆಯ ರಾಮಾಪುರದಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಕಟ್ಟಿಸಿಕೊಳ್ಳುವವರು ಅಂಗಡಿ ಅಂಗಡಿಗೆ ಬರುತ್ತಾರೆ. ಹೂ ಕಟ್ಟುವಾಕೆ ಎಡಗೈಯ ದಾರ ಬಿಡದೆ, ಗೋಣಿತಾಟಿನ ಅಡಿಯಿಂದ ಐವತ್ತರ ನೋಟು ತೆಗೆದು ಕೊಡುತ್ತಾಳೆ. ಕೈಯಂತ್ರದಿಂದ ಸಣ್ಣ ಚೀಟಿಯೊಂದು ಹೊರಬರುತ್ತದೆ. ಅದನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಳ್ಳುತ್ತಾಳೆ.

ಆ ಚೀಟಿಯ ಬೇರು ಉಡುಪಿಯಲ್ಲಿದೆ. ಕರಾವಳಿಯ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲಕ್ಕೆ, 1925ರಲ್ಲಿ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳ ಹೂಡಿ ಒಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರುಮಾಡಿದರು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಬ್ಯಾಂಕು ನಡೆದುಹೋಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರೂ ನಂಬಿಕೆಗೆ ಅರ್ಹರು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಉಪೇಂದ್ರ ಪೈಗಳ ಮಗ ಟಿ.ಎ. ಪೈ ಹುಟ್ಟಿದ್ದು 1922ರ ಜನವರಿ 17ರಂದು. ಚಿಕ್ಕಪ್ಪ ಟಿ.ಎಂ.ಎ. ಪೈಗಳ ಜೊತೆ ಅದೇ ಬ್ಯಾಂಕನ್ನು ಬೆಳೆಸಿದರು. ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು, ಜೀವ ವಿಮಾ ನಿಗಮವನ್ನು ನಡೆಸಿದರು, ಕೇಂದ್ರದಲ್ಲಿ ರೈಲ್ವೆ ಸಚಿವರೂ ಆದರು. 1980ರಲ್ಲಿ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಗೆ ಅಡಿಪಾಯ ಹಾಕಿದರು. ಮರುವರ್ಷವೇ ತೀರಿಕೊಂಡರು. ಇಂದು ಆ ಸಂಸ್ಥೆ ಅವರ ಹೆಸರಿನಲ್ಲೇ ಇದೆ. ಅವರ ಹುಟ್ಟುಹಬ್ಬ ಅಲ್ಲಿ ಸಂಸ್ಥಾಪಕರ ದಿನ.

ಇಂಥ ದಿನಗಳಲ್ಲಿ ಸಂಸ್ಥಾಪಕರನ್ನು ನೆನೆಯುವುದು, ಗೆದ್ದ ಉದ್ಯಮಿಗಳಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಡುವುದು ಒಳ್ಳೆಯ ಪದ್ಧತಿ. ದುಡಿದು ಸಂಪಾದಿಸಿದ್ದಕ್ಕೂ ಗೌರವವಿದೆ ಎಂದು ಹುಡುಗರಿಗೆ ತಿಳಿಯಲೇಬೇಕು. ಆದರೆ ಗೆದ್ದವರನ್ನು ಗುರುತಿಸುವುದು ಸುಲಭ. ಉಡುಪಿಯಲ್ಲಿ ಬ್ಯಾಂಕು ತೆರೆದ ಆ ಮೂವರು ಗುರುತಿಸಿದ್ದು ಇನ್ನೂ ಗೆಲ್ಲದವರನ್ನು. ಎರಡಾಣೆಯಲ್ಲಿ ನಾಳಿನ ಬಂಡವಾಳವನ್ನು ಕಂಡ ಆ ಕಣ್ಣು ನಮಗೂ ಬಂದರೆ ಸಂಸ್ಥಾಪಕರ ದಿನ ಸಾರ್ಥಕ.

ಇದನ್ನು ನಮ್ಮ ಸೀಮೆಗೆ ಹಚ್ಚಿ ನೋಡುತ್ತೇನೆ. 1956ರ ತನಕ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ಹೆಸರು ತಂದದ್ದು ರೇಷ್ಮೆ. ಹುಳ ಸಾಕುವ ಮನೆಯ ಹೆಣ್ಣುಮಗಳನ್ನೇ ನೋಡಿ. ಎರಡನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿದ ಚಾಕಿ ಮರಿಹುಳವನ್ನು ದುಡ್ಡು ಕೊಟ್ಟು ತರಬೇಕು. ನಾಲ್ಕನೇ ಜ್ವರ ಕಳೆದ ಮೇಲಂತೂ ಹಗಲಿರುಳೂ ಸೊಪ್ಪು ಹಾಕಬೇಕು. ಮಳೆ ಬಂದರೂ ಒದ್ದೆ ಸೊಪ್ಪು ಕೊಡುವ ಹಾಗಿಲ್ಲ. ಹಣ್ಣಾದ ಹುಳವನ್ನು ಹೊತ್ತು ಮೀರದಂತೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಇಷ್ಟೆಲ್ಲ ಆದಮೇಲೂ ಗೂಡಿನ ಬೆಲೆ ಅವಳ ಕೈಯಲ್ಲಿಲ್ಲ, ಮಾರುಕಟ್ಟೆಯ ಹರಾಜಿನಲ್ಲಿದೆ. ಹೂಡಿಕೆ, ನಷ್ಟದ ಭಯ, ಆಳುಕಾಳಿನ ಲೆಕ್ಕ, ಗುಣಮಟ್ಟ: ಮ್ಯಾನೇಜ್‌ಮೆಂಟ್ ಪುಸ್ತಕದ ಅಧ್ಯಾಯಗಳೆಲ್ಲ ಆ ಹುಳುಮನೆಯೊಳಗಿವೆ. ಅವಳನ್ನು ನಾವು ಉದ್ಯಮಿ ಎಂದು ಕರೆದಿಲ್ಲ, ಅಷ್ಟೇ.

ಹೀಗೆ ಕರೆಯಲು ಕಲಿಸಿದವರೂ ನಮ್ಮಲ್ಲಿದ್ದಾರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆ, ಹಳ್ಳಿಯ ನಿರುದ್ಯೋಗಿಗಳಿಗೆ ಸ್ವಂತ ಕಸುಬು ಹಿಡಿಯಲು ತರಬೇತಿ ಕೊಟ್ಟಿತು. ಅದೇ ಮಾದರಿಯ ಕೇಂದ್ರಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಮಫಲಕ ಇಳಿಯಿತು, ಪಿಗ್ಮಿ ಎಂಬ ಮಾತು ಮಾತ್ರ ಊರೂರಲ್ಲಿ ಉಳಿದಿದೆ.

ಹನೂರು, ಕೊಳ್ಳೇಗಾಲ, ಯಳಂದೂರಿನ ಕಾಲೇಜುಗಳಲ್ಲಿ ವಾಣಿಜ್ಯ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಕಾಲೇಜಿನ ಮುಂದಿನ ಸಮಾರಂಭಕ್ಕೆ ಹೊರಗಿನ ದೊಡ್ಡ ಉದ್ಯಮಿಯನ್ನು ಕರೆಯಿರಿ, ಬೇಡವೆನ್ನುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಹುಳ ಸಾಕುವ ಒಬ್ಬ ತಾಯಿಯನ್ನೂ ಕೂರಿಸಿ. ಮಕ್ಕಳು ಅವರ ಲೆಕ್ಕವನ್ನು ಕೇಳಿ ಬರೆದುಕೊಳ್ಳಲಿ. ಆ ಮಕ್ಕಳಲ್ಲಿ ಹಲವರಿಗೆ ಅದು ಸ್ವಂತ ಮನೆಯ ಲೆಕ್ಕವೇ ಆಗಿರುತ್ತದೆ.